ಒಂದು ಬೇಸಿಗೆಗೆ ಸಾಕಾಗುವಷ್ಟು ಗೋಡೆ

ಮಾರಾಟಕ್ಕಿಟ್ಟ ಹಳೆಯ ಕ್ಯಾರವಾನಿನ ಬಾಗಿಲು ತೆರೆದರೆ ಮೊದಲು ರಾಲ್ಫ್ ಬ್ಲೆಂಕಿನ್‌ನ ಮೂಗು ಒಳಗೆ ಹೋಗುತ್ತಿತ್ತು, ರಾಲ್ಫ್ ಆಮೇಲೆ. ಮಾರುವವರಿಗೆ ಮುಂಚೆಯೇ ಫೋನ್ ಮಾಡಿ, "ನಾವು ಬರೋ ತನಕ ಕಿಟಕಿ ತೆಗೀಬೇಡಿ" ಎಂದು ಹೇಳಿರುತ್ತಿದ್ದ. ಮುಚ್ಚಿಟ್ಟ ಗಾಡಿಯ ಗಾಳಿಯನ್ನು ಕಣ್ಣು ಮುಚ್ಚಿಕೊಂಡು ಎಳೆದು, ನಮ್ಮ ಕಡೆಯ ಅಡುಗೆ ಭಟ್ಟರು ಸಾರಿನ ಹಬೆ ಮೂಸಿಯೇ ಉಪ್ಪು ಕಮ್ಮಿ ಅನ್ನುವ ಹಾಗೆ, "ಎಡಗಡೆ ಮುಂದಿನ ಮೂಲೆ" ಅನ್ನುತ್ತಿದ್ದ. ಅಲ್ಲಿ ಹೋಗಿ ಹೆಬ್ಬೆರಳು ಒತ್ತಿದರೆ ಗೋಡೆ ನೆನೆದ ರಸ್ಕಿನ ಹಾಗೆ ಒಳಕ್ಕೆ ಹೋಗುತ್ತಿತ್ತು.

ಇಂಗ್ಲೆಂಡಿನ ಹಲ್ ಊರಿನಲ್ಲಿ ಅವನು ನಮ್ಮ ಪಕ್ಕದ ಮನೆಯವನು. ಈ ಊರಿನ ಅರ್ಧ ಜನ ಕ್ಯಾರವಾನ್, ಅಂದರೆ ಕಾರಿನ ಹಿಂದೆ ಎಳೆದೊಯ್ಯುವ ಮನೆಗಾಡಿ, ಕಟ್ಟುತ್ತಾರೆ, ಉಳಿದರ್ಧ ಜನ ಅದರೊಳಗೆ ಕೂತು ಮಳೆ ನೋಡುತ್ತಾರೆ. ರಾಲ್ಫ್ ಕಟ್ಟುವವರ ಪೈಕಿ. ಕಾರ್ಖಾನೆ ಮುಚ್ಚುವವರೆಗೂ ಅವನ ಕೆಲಸ ಗಾಡಿಯ ಕೀಲುಗಳಿಗೆ ಅರಗಿನಂಥ ಅಂಟುಪಟ್ಟಿ ಎಳೆದು, ಅದರ ಮೇಲೆ ಅಲ್ಯೂಮಿನಿಯಂ ಪಟ್ಟಿ ಕೂರಿಸಿ ಸ್ಕ್ರೂ ಬಿಗಿಯುವುದು. ಆ ಅಂಟು ವರ್ಷಗಳ ಮೇಲೆ ಒಣಗಿ ಬಿರಿಯುತ್ತದೆ, ಸ್ಕ್ರೂ ತೂತಿನಿಂದ ನೀರು ಇಳಿಯುತ್ತದೆ, ಒಳಗಿನ ಮರ ಕೊಳೆಯುತ್ತದೆ. ಯಾರಾದರೂ "ಈ ಸೋರೋ ಗಾಡಿ ಯಾವನು ಮಾಡಿದ್ನೋ" ಎಂದು ಬೈದರೆ ರಾಲ್ಫ್ ನಿಧಾನವಾಗಿ, "ನಾನೇ ಇರ್ಬೇಕು" ಅನ್ನುತ್ತಿದ್ದ. ನಿವೃತ್ತನಾದ ಮೇಲೆ ಬೀದಿಯವರು ಹಳೆಯ ಗಾಡಿ ಕೊಳ್ಳುವುದಿದ್ದರೆ ಅವನನ್ನು ಕರೆದುಕೊಂಡು ಹೋಗುತ್ತಿದ್ದರು. ತಾನು ಹೊಲಿದ ಬಟ್ಟೆಯ ಹರಿದ ಜಾಗ ದರ್ಜಿಗಲ್ಲದೆ ಇನ್ಯಾರಿಗೆ ಗೊತ್ತು.

ಅವನ ಹೆಂಡತಿ ಮೇವಿಸ್ ಶಾಲೆಯೊಂದರ ಅಡುಗೆಮನೆಯಲ್ಲಿ ಮಕ್ಕಳಿಗೆ ಬಡಿಸುತ್ತಿದ್ದವಳು. ಎಲ್ಲರಿಗೂ ಚಿನ್ನ ಅನ್ನುವಳು. ಮೀನಿನಂಗಡಿಯವನಿಗೂ, ಬಸ್ಸಿನ ಡ್ರೈವರಿಗೂ, ತಪ್ಪಾಗಿ ಕಸದ ಡಬ್ಬಿ ಒಯ್ದವನಿಗೂ. ನಾನು ಇಲ್ಲಿಗೆ ಬಂದು ಕನ್ನಡಕದಂಗಡಿ ತೆರೆದ ಹೊಸದರಲ್ಲಿ ಅವಳು ಬೇಲಿಯಾಚೆಯಿಂದ "ಚಹಾ ಕುಡೀತೀಯಾ ಚಿನ್ನ" ಎಂದಾಗ, ನನ್ನ ಮದುವೆಯಾದವಳೇ ಹಾಗೆ ಕರೆಯುವುದನ್ನು ಎಂದೋ ನಿಲ್ಲಿಸಿದ್ದರಿಂದ, ಹಿಂದೆ ತಿರುಗಿ ಯಾರಿದ್ದಾರೆ ಎಂದು ನೋಡಿದ್ದೆ.

ಆ ವರ್ಷ ಈಸ್ಟರ್ ಕಳೆದ ವಾರ ಮೇವಿಸ್ ಅದೇ ಬೇಲಿಯ ಹತ್ತಿರ ಬಂದು ನಿಂತಳು. ಕೈಯಲ್ಲಿ ಬಟ್ಟೆ ಒಣಹಾಕುವ ಕ್ಲಿಪ್ಪುಗಳಿದ್ದವು.

"ಡಾಕ್ಟರು ಬೇಸಿಗೆ ನಿಮ್ಮದು ಅಂದ್ರು ಚಿನ್ನ. ಅದರಾಚೆಗೆ ಏನೂ ಮಾತು ಕೊಡ್ಲಿಲ್ಲ," ಎಂದಳು. ಆಮೇಲೆ ಒಂದು ಕ್ಲಿಪ್ಪನ್ನು ತಂತಿಗೆ ಕಚ್ಚಿಸಿ, "ಹವೆ ಪರವಾಗಿಲ್ಲ ಇವತ್ತು" ಎಂದಳು.

ಇಲ್ಲಿಯ ಜನಕ್ಕೆ ಸಾವಿನ ಸುದ್ದಿಯ ಪಕ್ಕದಲ್ಲಿ ಹವೆಯ ಸುದ್ದಿ ಇರಲೇಬೇಕು. ನಾನೂ ಇಲ್ಲಿಯವನೇ ಆಗಿಹೋಗಿದ್ದೇನೆ. "ಸಂಜೆಗೆ ಮಳೆ ಬರಬಹುದು" ಎಂದೆ.

ಅವಳ ಆಸೆ ಒಂದೇ. ಹಾರ್ನ್‌ಸೀ ಹತ್ತಿರ ಸಮುದ್ರದ ದಿಬ್ಬದ ಮೇಲೆ ಒಬ್ಬ ರೈತನ ಬಯಲಿದೆ. ಹರೆಯದಲ್ಲಿ ಅವರಿಬ್ಬರೂ ಪ್ರತಿ ಬೇಸಿಗೆ ತಮ್ಮ ಕ್ಯಾರವಾನ್ ಎಳೆದುಕೊಂಡು ಹೋಗಿ ಅಲ್ಲಿರುತ್ತಿದ್ದರು. ಆ ಗಾಡಿ ಕೊಳೆತು ಗುಜರಿಗೆ ಹೋಗಿ ಬಹಳ ಕಾಲವಾಗಿತ್ತು. ಇನ್ನೊಂದು ಬೇಸಿಗೆ ಆ ಬಯಲಿನಲ್ಲಿ, ಹಾಸಿಗೆಯಲ್ಲಿ ಮಲಗಿಯೇ ಕಿಟಕಿಯಿಂದ ಸಮುದ್ರ ನೋಡಿಕೊಂಡು ಏಳಬೇಕು ಎನ್ನುವುದು ಅವಳ ಬಯಕೆ.

"ನಾನೇ ಕಾರಲ್ಲಿ ಕರ್ಕೊಂಡು ಹೋಗ್ತೀನಿ, ನಾಳೆನೇ," ಎಂದೆ.

"ಕಾರಲ್ಲಿ ಹೋದ್ರೆ ವಾಪಸ್ ಬರ್ಬೇಕಲ್ಲ ಚಿನ್ನ."

ಬಾಡಿಗೆಯ ಗಾಡಿ? ಕಂಡವರ ಗ್ಯಾಸಿನ ಕೊಳವೆಯನ್ನು ರಾಲ್ಫ್ ನಂಬುವವನಲ್ಲ. ಹೀಗಾಗಿ ನಾವು ಭಾನುವಾರಗಳಂದು ಹಳೆಯ ಕ್ಯಾರವಾನ್ ನೋಡಲು ಹೊರಟೆವು. ರಾಲ್ಫ್‌ನ ಕಣ್ಣಿಗೆ ಪೊರೆ ಬಂದಿದ್ದರಿಂದ ಕಾರು ನನ್ನದು. ಗಾಡಿ ಎಳೆಯುವ ಕೊಕ್ಕೆಯನ್ನು ನನ್ನ ಕಾರಿಗೆ ಅವನೇ ಕೂರಿಸಿದ. ಸ್ನೇಹಿತನ ಗಾಡಿಯೊಂದನ್ನು ಕಟ್ಟಿ ಹಿಂದಕ್ಕೆ ಓಡಿಸುವ ಪಾಠವನ್ನೂ ಹೇಳಿಕೊಟ್ಟ. ಕ್ಯಾರವಾನ್ ಎಡಕ್ಕೆ ಹೋಗಬೇಕಾದರೆ ಸ್ಟಿಯರಿಂಗ್ ಬಲಕ್ಕೆ ತಿರುಗಿಸಬೇಕು. ಈ ತತ್ವ ಬುದ್ಧಿಗೆ ಹತ್ತುವಷ್ಟರಲ್ಲಿ ನನ್ನ ಮನೆಯ ಹಸಿರು ಬೇಲಿ ನೆಲಕ್ಕೆ ಹತ್ತಿತ್ತು.

ನೋಡಲು ಹೋಗುವ ಶಾಸ್ತ್ರವೆಲ್ಲ ನಮ್ಮಲ್ಲಿ ಹೆಣ್ಣು ನೋಡಲು ಹೋದ ಹಾಗೆಯೇ. ಅವರು ಗಾಡಿಯನ್ನು ತೊಳೆದು ನಿಲ್ಲಿಸಿರುತ್ತಾರೆ. ಒಳಗೆ ಹೊಸ ಪರದೆ, ಹೂಕುಂಡ. ಚಹಾ, ಬಿಸ್ಕತ್ತು ಬರುತ್ತದೆ. ರಾಲ್ಫ್ ಗಾಡಿಯ ಕೆಳಗೆ ತೆವಳುತ್ತಿರುವಾಗ ಮಾರುವವರ ಜೊತೆ ಮಾತಾಡಿಕೊಂಡು ಬಿಸ್ಕತ್ತು ತಿನ್ನುವುದು ನನ್ನ ಪಾಲಿನ ಹೊಣೆ. ಅದನ್ನು ನಾನು ನಿಷ್ಠೆಯಿಂದ ನಿಭಾಯಿಸಿದೆ. ಆ ಬೇಸಿಗೆಯಲ್ಲಿ ಬೆಲ್ಟಿಗೆ ಒಂದು ತೂತು ಹೆಚ್ಚಿಗೆ ಕೊರೆಯಬೇಕಾಯಿತು. ಗಾಡಿ ಮೆಚ್ಚಿಗೆಯಾಗದಿದ್ದರೆ ಯಾರೂ ಹಾಗೆ ಹೇಳುವುದಿಲ್ಲ. "ಹೋಗಿ ಯೋಚನೆ ಮಾಡ್ತೀವಿ" ಎನ್ನಬೇಕು. ಮಾರುವವರು ಕೂಡಲೇ ಬಿಸ್ಕತ್ತಿನ ತಟ್ಟೆ ಎತ್ತುತ್ತಾರೆ.

ಡ್ರಿಫೀಲ್ಡಿನಲ್ಲಿ ಒಬ್ಬ ನಿವೃತ್ತ ಮೇಷ್ಟ್ರ ಗಾಡಿಯೊಳಗೆ ವೆನಿಲಾ ಮೋಂಬತ್ತಿ ಉರಿಯುತ್ತಿತ್ತು. ರಾಲ್ಫ್ ಬಾಗಿಲಲ್ಲೇ ನಿಂತು ಮೋಂಬತ್ತಿಯನ್ನೊಮ್ಮೆ, ಮೇಷ್ಟ್ರನ್ನೊಮ್ಮೆ ನೋಡಿದ. ಆಮೇಲೆ ಮೊಣಕಾಲೂರಿ ಗ್ಯಾಸ್ ಒಲೆಯ ಕೆಳಗೆ ಕೈ ಹಾಕಿದ. ಕ್ಯಾರವಾನಿನ ನೆಲದಲ್ಲಿ ತೂತುಗಳಿರುತ್ತವೆ. ಗ್ಯಾಸ್ ಸೋರಿದರೆ ಅದು ಕೆಳಗಿಳಿಯುತ್ತದೆ, ಹೊರಗೆ ಹೋಗಲು ಆ ದಾರಿ. ಅದೇ ದಾರಿಯಿಂದ ಉತ್ತರ ಸಮುದ್ರದ ಗಾಳಿ ಬಂದು ಪಾದ ಕಚ್ಚುತ್ತದೆ. ಇಲ್ಲಿಯ ಸಭ್ಯ ಜನ ಗಾಳಿಗೆ ಒಂದು ಮಾತೂ ಆಡದೆ ತೂತಿಗೆ ಏನಾದರೂ ತುರುಕಿಬಿಡುತ್ತಾರೆ. ರಾಲ್ಫ್ ಒಂದು ಉಣ್ಣೆಯ ಕಾಲುಚೀಲ ಎಳೆದು ತೆಗೆದು, ಕೊಡವಿ, ಮೇಷ್ಟ್ರಿಗೆ ಕೊಟ್ಟ.

"ನಿಮ್ಮದಿರ್ಬೇಕು."

"ಚಳಿ ಬರ್ತಿತ್ತಲ್ಲ, ಅದಕ್ಕೆ," ಎಂದರು ಮೇಷ್ಟ್ರು.

"ಚಳಿಗೆ ಸ್ವೆಟರ್ ಇದೆ ಸ್ವಾಮಿ. ಗ್ಯಾಸಿಗೆ ಇದೊಂದೇ ದಾರಿ." ಒಲೆ ಹಚ್ಚಿ ನೋಡಿದ. ಜ್ವಾಲೆ ನೀಲಿಯಾಗಿರಬೇಕಾದದ್ದು ಹಳದಿಯಾಗಿ ಕುಣಿಯಿತು. "ಇದನ್ನ ಹಚ್ಚಿ, ಕಿಟಕಿ ಮುಚ್ಕೊಂಡು ಮಲಗಿದ್ರೆ ಬೆಳಿಗ್ಗೆ ಅಲಾರಂ ಬೇಕಾಗಲ್ಲ. ನಿಮ್ಮ ಚಹಾ ಚೆನ್ನಾಗಿತ್ತು. ಹೋಗಿ ಯೋಚನೆ ಮಾಡ್ತೀವಿ."

ಇನ್ನೊಂದರ ಟೈರುಗಳು ಹೊಸದರಂತೆ ಮಿರಮಿರ ಮಿಂಚುತ್ತಿದ್ದವು. ಪಕ್ಕದಲ್ಲಿ ಒತ್ತಿದ್ದ ತಯಾರಿಕೆಯ ವರ್ಷ ಓದಿ ರಾಲ್ಫ್, "ಓಡದೆ ಮುದಿಯಾಗಿದೆ, ಒಳಗೇ ಸೀಳಿರುತ್ತೆ, ದಾರೀಲಿ ಸಿಡಿಯುತ್ತೆ" ಎಂದ. ಮತ್ತೊಂದರ ಕಿಟಕಿ ಗಾಜಿನ ಮೇಲೆ ಕೊರೆದ ನಂಬರನ್ನು ಯಾರೋ ಉಜ್ಜಿ ಅಳಿಸಿದ್ದರು. ಕದ್ದ ಗಾಡಿ; ಆ ಮನೆಯ ಚಹಾ ಕುಡಿಯದೆಯೇ ಹೊರಟೆವು. ಹೀಗೆ ಮೇ ಕಳೆಯಿತು. ಜೂನ್ ಅರ್ಧವಾಯಿತು. ಬೀದಿಯವರಿಗೆ ನೋಡುವಾಗ ರಾಲ್ಫ್ ಇಷ್ಟು ಹಟ ಹಿಡಿದದ್ದಿಲ್ಲ. ಸಣ್ಣಪುಟ್ಟದಕ್ಕೆ "ಒಂದು ಡಬ್ಬ ಅಂಟು ಸಾಕು" ಅನ್ನುತ್ತಿದ್ದ. ಈಗ ಒಂದು ಸ್ಕ್ರೂ ತುಕ್ಕು ಹಿಡಿದಿದ್ದರೂ ಮುಖ ತಿರುಗಿಸುತ್ತಿದ್ದ. ಆಸ್ಪತ್ರೆಯವರು ಮೇವಿಸ್‌ಳ ಒಳಗಿನದನ್ನು ಯಂತ್ರಗಳಲ್ಲಿ ನೋಡಿ ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದರು. ಅಲ್ಲಿ ಅವನು ಟೋಪಿ ಮಡಿಲಲ್ಲಿಟ್ಟುಕೊಂಡು ಕಾರಿಡಾರಿನಲ್ಲಿ ಕೂರಬೇಕಿತ್ತು. ತಾನೇ ಕೈಯಿಟ್ಟು ನೋಡಬಹುದಾದದ್ದು ಅವನ ಪಾಲಿಗೆ ಉಳಿದದ್ದು ಕ್ಯಾರವಾನ್ ಒಂದೇ.

ಪ್ಯಾಟ್ರಿಂಗ್ಟನ್ ಎಂಬ ಹಳ್ಳಿಯ ಮಿಸೆಸ್ ಸ್ಟೇದರ್ಸ್ ಎಂಬ ವಿಧವೆಯ ಗಾಡಿ ನೋಡಲು ಹೋದಾಗ ಮೇವಿಸ್ ಕೂಡ ಬಂದಳು. ಹಿತ್ತಲಿನಲ್ಲಿ, ಸೇಬಿನ ಮರದ ಕೆಳಗೆ ನಿಂತಿತ್ತು. ಮುಂಭಾಗದ ಉದ್ದಕ್ಕೂ ಒಂದೇ ಕಿಟಕಿ, ಅದರ ಕೆಳಗೆ ಹಾಸಿಗೆ. ಮೇವಿಸ್ ಒಳಗೆ ಹೋದವಳೇ ಆ ಹಾಸಿಗೆಯ ಮೇಲೆ ಕುಳಿತು ಚಪ್ಪಲಿ ಬಿಟ್ಟಳು. ಕಾಲು ಮೇಲೆಳೆದುಕೊಂಡು ಕಿಟಕಿಗೆ ಹಣೆ ಹಚ್ಚಿದಳು. ಅಲ್ಲಿ ಕಾಣುತ್ತಿದ್ದದ್ದು ಕೋಳಿಗೂಡು.

ರಾಲ್ಫ್ ಹೆಂಡತಿಯ ತಲೆಯ ಪಕ್ಕದಲ್ಲೇ ಕೈ ಚಾಚಿ ಮೂಲೆಯನ್ನು ಒತ್ತಿದ. ಹೆಬ್ಬೆರಳು ಒಳಗೆ ಹೋಯಿತು. ತೇವ ಅಳೆಯುವ ಪುಟ್ಟ ಯಂತ್ರವನ್ನು ಚುಚ್ಚಿದ. ಅದು ಕೀರಲು ಧ್ವನಿಯಲ್ಲಿ ಕೂಗಿತು. ಹಾಸಿಗೆ ಎತ್ತಿದರೆ ಹಲಗೆಯ ಮೇಲೆ ಕಪ್ಪು ಬೂಷ್ಟು.

"ನಮ್ಮವರು ಹೋದ್ಮೇಲೆ ನಾನು ಇದರ ಬಾಗಿಲು ತೆಗೆದಿಲ್ಲ," ಎಂದಳು ಮಿಸೆಸ್ ಸ್ಟೇದರ್ಸ್.

"ಇದು ಸಾಕು ರಾಲ್ಫ್," ಎಂದಳು ಮೇವಿಸ್, ಕಿಟಕಿಯಿಂದ ಮುಖ ತಿರುಗಿಸದೆ.

"ಗೋಡೆ ಹೋಗಿದೆ ಕಣೇ."

"ಒಂದು ಬೇಸಿಗೆಗೆ ಎಷ್ಟು ಗಟ್ಟಿ ಗೋಡೆ ಬೇಕು?"

ನಾನು ಕೈಯಲ್ಲಿದ್ದ ಬಿಸ್ಕತ್ತನ್ನು ಜೇಬಿಗೆ ಹಾಕಿಕೊಂಡೆ. ರಾಲ್ಫ್ ಯಂತ್ರದ ಸೂಜಿಗಳನ್ನು ಅಂಗಿಗೆ ಒರೆಸಿ ಮಿಸೆಸ್ ಸ್ಟೇದರ್ಸ್ ಕಡೆ ತಿರುಗಿ, "ಹೋಗಿ ಯೋಚನೆ ಮಾಡ್ತೀವಿ" ಎಂದ. ಮೇವಿಸ್ ಚಪ್ಪಲಿ ಹಾಕಿಕೊಂಡಳು. ಒಂದು ಚಪ್ಪಲಿಯ ಪಟ್ಟಿ ಸಿಗದೆ ಬಹಳ ಹೊತ್ತು ಬಗ್ಗಿಯೇ ಇದ್ದಳು.

ಮರುದಿನ ಅವನು ನನ್ನ ಅಂಗಡಿಗೆ ಬಂದ. ಕಣ್ಣು ತೋರಿಸಲು ಬಂದವರ ಸಾಲಿನಲ್ಲಿ ಕೂತಿದ್ದು, ತನ್ನ ಸರದಿ ಬಂದ ಮೇಲೆ, "ಪ್ಯಾಟ್ರಿಂಗ್ಟನ್ ಗಾಡಿ ತರೋಣ" ಎಂದ.

"ಗೋಡೆ ಹೋಗಿದೆ ಅಂದ್ಯಲ್ಲ?"

"ಹೋಗಿದೆ. ಅವಳ ಎದೆ ಈಗಲೇ ಗೊರಗೊರ ಅಂತಿದೆ. ಆ ಬೂಷ್ಟಿನ ಪಕ್ಕದಲ್ಲಿ ತಲೆ ಇಡಿಸಿ ಹೇಗೆ ಮಲಗಿಸ್ಲಿ? ಆ ಮೂಲೆ ಬಿಚ್ಚಿ ಹೊಸ ಮರ ಹಾಕ್ತೀನಿ. ಎರಡು ವಾರದ ಕೆಲಸ. ಜುಲೈಗೆ ಬಯಲಲ್ಲಿರ್ತೀವಿ."

ಟೈರು ಬದಲಿಸಿ, ಕೊಂಡಿ ಕಳಚಿದರೆ ತಾನೇ ಬ್ರೇಕು ಹಿಡಿಯುವ ತಂತಿಯನ್ನು ಹೊಸದು ಹಾಕಿ, ಅವನ ಮನೆಯ ಮುಂದೆ ತಂದು ನಿಲ್ಲಿಸಿದೆವು. ಮೇವಿಸ್ ಬಾಗಿಲಿಗೆ ಬಂದು ನೋಡಿ, ಒಳಗೆ ಹೋಗಿ, ತಟ್ಟೆ ಲೋಟ ಪರದೆಗಳನ್ನು ರಟ್ಟಿನ ಡಬ್ಬಕ್ಕೆ ತುಂಬತೊಡಗಿದಳು.

ರಾಲ್ಫ್ ಮೂಲೆ ಬಿಚ್ಚಿದ. ಒಳಗಿನ ಮರ ಕಾಫಿಪುಡಿಯಂತೆ ಉದುರಿತು. ಪಕ್ಕದ ಹಲಗೆ ಬಿಚ್ಚಿದ, ಅದೂ ಹಾಗೆಯೇ. "ನೀರು ಕೆಳಗೆ ಮಾತ್ರ ಇಳಿಯುತ್ತೆ ಅನ್ಕೋಬೇಡ ಮಾರಾಯ. ಮರ ಹಿಡ್ಕೊಂಡು ಅಕ್ಕಪಕ್ಕದ ಮನೆಗೆಲ್ಲ ಹೋಗಿ ಬರುತ್ತೆ," ಎಂದ. ಜುಲೈ ಬಂದಾಗ ಕ್ಯಾರವಾನಿಗೆ ಮುಂದಿನ ಗೋಡೆಯೇ ಇರಲಿಲ್ಲ. ಪೋಸ್ಟ್‌ಮ್ಯಾನ್ ದಿನವೂ ನಿಂತು, "ಕಿಟಕಿ ಸ್ವಲ್ಪ ದೊಡ್ಡದಾಯ್ತಲ್ಲ ರಾಲ್ಫ್" ಅನ್ನುತ್ತಿದ್ದ. ಮೇವಿಸ್ ಕುರ್ಚಿ ಹಾಕಿಕೊಂಡು ಕೂತು ಗಂಡನಿಗೆ ಸ್ಕ್ರೂಗಳನ್ನು ಒಂದೊಂದಾಗಿ ಕೊಡುತ್ತಿದ್ದಳು. ಮೊದಮೊದಲು ಚಹಾ ತಾನೇ ಮಾಡಿ ತರುತ್ತಿದ್ದಳು. ಆಮೇಲೆ ನನ್ನ ಹೆಂಡತಿ ಮಾಡಿಕೊಟ್ಟಳು. ಮೇವಿಸ್ ಲೋಟ ಹಿಡಿದುಕೊಂಡು ಕೂರುವಳು, ಕುಡಿಯುವಳಲ್ಲ.

"ಒಂದು ಹಲಗೆ ಬಡಿದು ಮುಚ್ಚಿಬಿಡೋ. ಹೋಗೋಣ," ಅನ್ನುವಳು.

"ಬಲಗಡೆ ಮೂಲೆ ಒಂದು ನೋಡಿಬಿಡ್ತೀನಿ."

"ಆ ಮೂಲೆಗೇನಾಗಿದೆ? ನಾನು ಎಡಗಡೆ ಮಲಗೋದು."

ಅವನು ನಗುತ್ತಿದ್ದ. ಬಲಗಡೆಯ ಮೂಲೆಯನ್ನೂ ಬಿಚ್ಚುತ್ತಿದ್ದ.

ಆಗಸ್ಟಿನ ಕೊನೆಯಲ್ಲಿ ಒಂದು ದಿನ, ಇಲ್ಲಿ ವರ್ಷಕ್ಕೊಮ್ಮೆ ಮರೆತು ಬರುವಂಥ ಬಿಸಿಲು. ಮೇವಿಸ್ ನನ್ನನ್ನು ಕರೆದು, "ಆ ಹಾಸಿಗೆ ತಂದು ಹಾಕು ಚಿನ್ನ" ಎಂದಳು.

"ಎಲ್ಲಿಗೆ?"

"ಅದರ ಜಾಗಕ್ಕೆ."

ನಾನೂ ರಾಲ್ಫೂ ಹಾಸಿಗೆಯನ್ನು ಹೊತ್ತು ಕ್ಯಾರವಾನಿನ ಮುಂಭಾಗದಲ್ಲಿ ಹಾಸಿದೆವು. ಅವಳನ್ನು ಅವನೇ ಎತ್ತಿಕೊಂಡು ಬಂದ. ಅವಳು ಎಷ್ಟು ಹಗುರಾಗಿದ್ದಳೆಂದರೆ ಮೊದಲ ಹೆಜ್ಜೆಯಲ್ಲಿ ಅವನು ಮುಗ್ಗರಿಸಿದ. ಹೆಚ್ಚು ಭಾರಕ್ಕೆ ಸಿದ್ಧನಾಗಿ ನಿಂತಿದ್ದನೆಂದು ಕಾಣುತ್ತದೆ. ಗೋಡೆಯಿಲ್ಲದ ಗಾಡಿಯಲ್ಲಿ, ಬರೀ ಮರದ ಚೌಕಟ್ಟಿನ ನಡುವೆ ಅವಳು ದಿಂಬಿಗೊರಗಿ ಮಲಗಿದಳು. ಎದುರಿಗೆ ನಮ್ಮ ಬೀದಿ. ಆಚೆ ಬದಿಯಲ್ಲಿ ಬಸ್ ಸ್ಟಾಪು; ಅಲ್ಲಿ ನಿಂತಿದ್ದವರು ಮೊದಲು ಬೇರೆ ಕಡೆ ನೋಡಿದರು, ಆಮೇಲೆ ಒಬ್ಬಾಕೆ ಕೈಬೀಸಿದಳು. ಮೇವಿಸ್ ರಾಣಿಯ ಹಾಗೆ ಕೈ ಎತ್ತಿದಳು.

ದೊಡ್ಡ ಬಸ್ಸೊಂದು ಸುಯ್ಯೆಂದು ಬಂದು ನಿಂತು ಹೋಯಿತು.

"ಅಲೆ," ಎಂದಳು ಮೇವಿಸ್.

ರಾಲ್ಫ್ ಅಂಟು ಹಿಂಡುವ ಪಿಸ್ತೂಲು ಹಿಡಿದು ನಿಂತಿದ್ದ. ಅದನ್ನು ಕೆಳಗಿಟ್ಟು ಅವಳ ಪಕ್ಕದಲ್ಲಿ, ಬೂಟು ಬಿಚ್ಚಿ, ಕಾಲು ಚಾಚಿ ಕೂತ. ಇನ್ನೊಂದು ಬಸ್ಸು ಬಂತು.

"ಇದು ಸಣ್ಣದು," ಎಂದ.

"ಉಬ್ಬರ ಇಳೀತಾ ಇದೆ ಅಷ್ಟೆ. ಸಂಜೆಗೆ ಏರುತ್ತೆ ನೋಡು."

ಆಫೀಸು ಬಿಡುವ ಹೊತ್ತಿಗೆ ಬಸ್ಸುಗಳು ಒಂದರ ಹಿಂದೆ ಒಂದು ಬಂದವು. ಅವಳು ನಿದ್ದೆ ಹೋಗಿದ್ದಳು. ನಾನು ನಮ್ಮ ಮನೆಗೆ ಬಂದು, ತೊಳೆದಿಟ್ಟಿದ್ದ ಪಾತ್ರೆಗಳನ್ನೆಲ್ಲ ಮತ್ತೆ ತೊಳೆದೆ.

ಆ ವಾರವೇ ಅವಳನ್ನು ಕೊನೆಗಾಲದ ಆರೈಕೆಯ ಮನೆಗೆ ಸೇರಿಸಿದರು. ಸೆಪ್ಟೆಂಬರಿನಲ್ಲಿ ಹೋದಳು. ಕ್ಯಾರವಾನಿನ ಮೇಲೆ ಆಗ ಟಾರ್ಪಾಲು ಹೊದಿಸಿತ್ತು. ಹೂಳಿ ಬಂದ ಮೇಲೆ ಚರ್ಚಿನ ಪಕ್ಕದ ಕೋಣೆಯಲ್ಲಿ ಹಂದಿಮಾಂಸದ ಸ್ಯಾಂಡ್‌ವಿಚ್, ಚಹಾ ಕೊಟ್ಟರು. ಎಲ್ಲರೂ ರಾಲ್ಫ್‌ನ ಕೈ ಕುಲುಕಿ, ಅವಳಿಗೆ ಒಳ್ಳೆಯ ಹವೆ ಸಿಕ್ಕಿತು ಎಂದರು. ಅವನು ಪ್ರತಿಯೊಬ್ಬರಿಗೂ ಹೌದು, ಮಳೆ ಬರಲಿಲ್ಲ ಎಂದ.

ಅದರ ಮರುದಿನ ಬೆಳಿಗ್ಗೆ ಸುತ್ತಿಗೆಯ ಸದ್ದು ಕೇಳಿತು. ಟಾರ್ಪಾಲು ತೆಗೆದಿದ್ದ. ನಾನು ಹೋಗಿ ಮೇವಿಸ್‌ಳ ಕುರ್ಚಿಯಲ್ಲಿ ಕೂರಬಾರದೆಂದು ನಿಂತುಕೊಂಡೇ ಸ್ಕ್ರೂ ಕೊಡತೊಡಗಿದೆ. ಅವನಿಗೆ ಬೇಕಾದ ಅಳತೆಯದನ್ನು ಬಿಟ್ಟು ಉಳಿದವನ್ನೆಲ್ಲ ಕೊಟ್ಟೆ. ಬೈಯಲಿಲ್ಲ, ಹಿಂದೆ ಬೈಯುತ್ತಿದ್ದ. ಹೊಸ ಗೋಡೆ, ಹೊಸ ಅಂಟು, ಗ್ಯಾಸಿಗೆ ಹೊಸ ಕೊಳವೆ, ವಿಷದ ಹೊಗೆ ಕಂಡರೆ ಕೂಗುವ ಗಂಟೆ ಎಲ್ಲ ಕೂರಿಸಿದ. ಕೊನೆಗೆ ನೀರಿನ ಪೈಪು ಹಿಡಿದು ಗಾಡಿಯ ಮೇಲೆ ಮಳೆ ಸುರಿಸಿದ. ನಾನು ಒಳಗೆ ಕೂತು ನೋಡಬೇಕಿತ್ತು.

"ಒಂದು ಹನಿಯೂ ಇಲ್ಲ," ಎಂದು ಕೂಗಿದೆ.

ಅವನು ನೀರು ನಿಲ್ಲಿಸಲಿಲ್ಲ. ಬಹಳ ಹೊತ್ತಿನ ಮೇಲೆ ನಾನು ಹೊರಗೆ ಬಂದು ನಲ್ಲಿ ತಿರುಗಿಸಿದೆ. ಪೈಪು ಅವನ ಕೈಯಲ್ಲೇ ಇತ್ತು.

"ಅವಳು ಸಾಕು ಅಂದ್ಳು," ಎಂದ. "ಸಾಕಾಗಿತ್ತು ಕಣೋ."

"ಆ ಬೂಷ್ಟಲ್ಲಿ ಎದೆ ಇನ್ನೂ ಕೆಡ್ತಿತ್ತು," ಎಂದೆ.

"ಕೆಡ್ತಿತ್ತು. ಕಿಟಕಿ ತೆಗೆದಿಡಬಹುದಿತ್ತು. ಚೌಕಟ್ಟಿಗೆ ಪ್ಲಾಸ್ಟಿಕ್ ಹೊಡೆದು ಒಂದು ವಾರ ಹೋಗಿ ಬರಬಹುದಿತ್ತು. ಬೇರೆಯವರ ಗಾಡಿಯಾಗಿದ್ರೆ ಅದನ್ನೇ ಹೇಳ್ತಿದ್ದೆ."

ನಾನು ಪೈಪನ್ನು ಅವನ ಕೈಯಿಂದ ತೆಗೆದು ಸುತ್ತಿಟ್ಟೆ. ಬಾಯಿ ತೆರೆದಿದ್ದರೆ ಹವೆಯ ಮಾತೇ ಬರುತ್ತಿತ್ತು.

ಅಕ್ಟೋಬರಿನಲ್ಲಿ, ಚಳಿಗಾಲಕ್ಕೆಂದು ಬಯಲು ಮುಚ್ಚುವುದಕ್ಕೆ ಮುಂಚೆ, ಅವನು ಹೋಗೋಣ ಎಂದ. ನಾನು ಎಳೆದುಕೊಂಡು ಹೋದೆ. ಹಾರ್ನ್‌ಸೀ ದಾರಿಯುದ್ದಕ್ಕೂ ನನ್ನ ಹಿಂದೆ ಕಾರುಗಳ ಮೆರವಣಿಗೆ. ಎಲ್ಲರೂ ಸಭ್ಯತೆಯಿಂದ ಮನಸ್ಸಿನಲ್ಲೇ ಬೈದಿರಬೇಕು. ಬಯಲಿನ ರೈತ ಡೆಸ್ಮಂಡ್ ಬೂಟಿನ ಕೆಸರು ಒರೆಸಿಕೊಳ್ಳುತ್ತ ಬಂದ. ಮೇವಿಸ್ ಎಲ್ಲಿ ಎಂದು ಕೇಳಲಿಲ್ಲ. ಒಬ್ಬನೇ ಇಳಿದವನನ್ನು ನೋಡಿ ಟೋಪಿ ತೆಗೆದ.

"ನಿಮ್ಮ ಹಳೇ ಜಾಗ ಅಲ್ಲಿದೆ ನೋಡು ರಾಲ್ಫ್," ಎಂದು ದಿಬ್ಬದ ಅಂಚಿನಾಚೆಗೆ, ಬರೀ ಗಾಳಿಯ ಕಡೆಗೆ ಬೆರಳು ತೋರಿಸಿದ. ಈ ಕರಾವಳಿಯನ್ನು ಸಮುದ್ರ ಪ್ರತಿ ಚಳಿಗಾಲ ಒಂದಿಷ್ಟು ತಿನ್ನುತ್ತದೆ. "ಹಿಂದಿನ ಸಾಲಲ್ಲಿ ನಿಲ್ಲಿಸ್ಕೊ."

ನಾನು ಹಿಂದಕ್ಕೆ ಓಡಿಸಿ ನಿಲ್ಲಿಸಿದೆ. ಮೊದಲ ಸಲಕ್ಕೇ ಸರಿಯಾಗಿ ನಿಂತಿತು, ಹೊಗಳುವವರಿರಲಿಲ್ಲ. ರಾಲ್ಫ್ ನಾಲ್ಕು ಮೂಲೆಯ ಕಾಲುಗಳನ್ನು ಇಳಿಸಿದ, ಗ್ಯಾಸ್ ನೋಡಿದ, ಒಲೆ ಹಚ್ಚಿದ, ನೀಲಿ ಜ್ವಾಲೆ. ಮುಂದಿನ ಕಿಟಕಿಯ ಕೆಳಗೆ ಹಾಸಿಗೆ ಬಿಡಿಸಿದ. ಆ ಸಂಜೆ ಸಮುದ್ರದಿಂದ ಮಂಜು ಎದ್ದು ಬಂದು ಡೆಸ್ಮಂಡನ ಕೊಟ್ಟಿಗೆಯೂ ಕಾಣದಂತಾಗಿತ್ತು.

"ನೀನು ಹೊರಡು," ಎಂದ. "ಬೆಳಿಗ್ಗೆ ಎದ್ದು ನೋಡ್ತೀನಿ."

ಮರುದಿನ ಫೋನ್ ಮಾಡಿ, "ಕಂಡಿತಾ?" ಎಂದು ಕೇಳಿದೆ.

"ಮಂಜು. ಏನೂ ಕಾಣ್ಲಿಲ್ಲ. ನಾಳೆ ನೋಡ್ತೀನಿ."

ನಾಳೆಯೂ ಮಂಜು, ಅದರಾಚೆಯ ದಿನವೂ. ಡೆಸ್ಮಂಡ್ ಬಯಲಿನ ಗೇಟಿಗೆ ಬೀಗ ಹಾಕುವ ದಿನ ಬಂದು ಹೋಯಿತು. ಅವನು ಬೀಗ ಹಾಕಲಿಲ್ಲ, ರಾಲ್ಫ್‌ನ ಮೆಟ್ಟಿಲ ಮೇಲೆ ಹಾಲಿನ ಬಾಟಲಿ ಇಟ್ಟು ಹೋಗುತ್ತಿದ್ದ. ನಾನು ಅಂಗಡಿ ತೆರೆಯುವ ಮುಂಚೆ ಫೋನ್ ಮಾಡುವುದು ರೂಢಿಯಾಯಿತು. ಒಂದು ಬೆಳಿಗ್ಗೆ ಅವನೇ ಮಾಡಿದ.

"ಕಂಡಿತು," ಎಂದ.

"ಹೇಗಿತ್ತು?"

ಹಿಂದೆ ಕೆಟಲು ಕುದಿಯುವ ಸದ್ದು ಕೇಳಿಸುತ್ತಿತ್ತು.

"ಬೂದು ಬಣ್ಣ," ಎಂದ. "ಮಲಗಿದಲ್ಲಿಂದಲೇ ಕಾಣುತ್ತೆ. ಎಡಗಡೆಯಿಂದ ಚೆನ್ನಾಗಿ ಕಾಣುತ್ತೆ."